ಮೂವತ್ತೆಂಟನೆಯ ಕ್ಲಿಪ್ಪು

ಊಟದ ಮೇಜು ಕೈತಪ್ಪಿ ಹನ್ನೊಂದು ವಾರವಾಗಿತ್ತು. ಮೇಜೇನೋ ಇದ್ದಲ್ಲೇ ಇತ್ತು. ಅದರ ಮೇಲೆ ಮಾದರಿ ವಿಮಾನದ ಐದಡಿ ಉದ್ದದ ರೆಕ್ಕೆಯೊಂದು ಮೈತುಂಬ ಗುಂಡುಸೂಜಿ ಚುಚ್ಚಿಸಿಕೊಂಡು ಮಲಗಿತ್ತು. ಹಾಗಾಗಿ ಮನೆಯ ನಾಲ್ವರೂ ಟಿ.ವಿ. ಮುಂದೆ ಕೂತು ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ತಿನ್ನುತ್ತಿದ್ದರು.

"ಅಮ್ಮಾ, ಆಲೂಗಡ್ಡೇಲಿ ಮರದ ಪುಡಿ ಇದೆ," ಎಂದಳು ಟೋನ್ಯಾ. ಅವಳಿಗೆ ಹತ್ತೊಂಬತ್ತು. ಔಷಧಿ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುವ ಕೆಲಸ.

"ಮೆಣಸಿನ ಪುಡಿ ಕಣೆ ಅದು."

"ಮೆಣಸು ಬೆಳ್ಳಗಿರುತ್ತಾ?"

"ಬಾಲ್ಸಾ ಮರ, ಏನೂ ಆಗಲ್ಲ ತಿನ್ನು," ಎಂದ ಅವಳಪ್ಪ ಡುವೇನ್. "ನಾನು ಜನವರಿಯಿಂದ ತಿಂತಾ ಇಲ್ವಾ? ಲೋಕದಲ್ಲೇ ಹಗುರವಾದ ಮರ."

"ಅದಕ್ಕೇ ನಿನ್ನ ತಲೆ ಹಾಗಾಗಿರೋದು."

ಮಾರ್ಲಿಸ್ ನಗಲಿಲ್ಲ. ಮಾವನ ತಟ್ಟೆಯ ಮಾಂಸವನ್ನು ಉಗುರಿನಷ್ಟು ಚಿಕ್ಕ ಚೂರು ಮಾಡುವುದರಲ್ಲಿದ್ದಳು. ಲೆಸ್ಟರ್‌ಗೆ ಎಪ್ಪತ್ತೆಂಟು ವರ್ಷ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತಿನಲ್ಲಿ ಉಳಿದದ್ದು ಮೂರೇ: 'ಹ್ಞೂಂ', 'ಬೇಡ', 'ಥೂ ದರಿದ್ರ'. ಮೂರನೆಯದು ಮಾತ್ರ ಹಿಂದಿನಷ್ಟೇ ಸ್ಪಷ್ಟವಾಗಿ ಬರುತ್ತಿತ್ತು. ಬೆಳಿಗ್ಗೆ ಅವನನ್ನು ಎಬ್ಬಿಸಿ, ತೊಳೆದು, ಅಂಗಿಯ ಗುಂಡಿ ಹಾಕಿ, ತಿನ್ನಿಸಿ, ಶಾಲೆಯ ದಿನಗಳಲ್ಲಷ್ಟೇ ಬರುವ ಪಕ್ಕದ ಮನೆಯ ಹೆಂಗಸಿಗೆ ಒಪ್ಪಿಸಿ ಮಾರ್ಲಿಸ್ ಶಾಲೆಯ ಅಡುಗೆಮನೆಗೆ ಓಡುತ್ತಿದ್ದಳು. ಅಲ್ಲಿ ನಾನೂರು ಮಕ್ಕಳ ಊಟ. ಇಪ್ಪತ್ತು ಕಿಲೋ ತೂಗುವ ಟ್ರೇಗಳನ್ನು ಒಲೆಯಿಂದ ಇಳಿಸಿ ಇಳಿಸಿ ಅವಳ ಮಂಡಿಗಳು ಸಂಜೆಯ ಹೊತ್ತಿಗೆ ಬನ್ನಿನಂತೆ ಊದಿಕೊಳ್ಳುತ್ತಿದ್ದವು.

ಅಡುಗೆಮನೆಯ ಮೇಲ್ವಿಚಾರಕಿ ಜೂನ್‌ನಲ್ಲಿ ನಿವೃತ್ತಳಾಗುವವಳಿದ್ದಳು. ಆ ಕೆಲಸಕ್ಕೆ ಒಂದು ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ಎಂಟು ಶನಿವಾರ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ತರಗತಿ. ಎರಡು ಸಲ ತಪ್ಪಿಸಿದರೆ ಹೆಸರು ಹೊಡೆದುಹಾಕುತ್ತಾರೆ; ಮತ್ತೆ ತರಗತಿ ನಡೆಯುವುದು ಮುಂದಿನ ವರ್ಷ. ಅಷ್ಟರಲ್ಲಿ ಕೆಲಸ ಬೇರೆ ಯಾರಿಗೋ ಹೋಗಿರುತ್ತದೆ. ಎರಡನೆಯ ವಾರವೇ ಲೆಸ್ಟರ್‌ಗೆ ಜ್ವರ ಬಂದು ಮಾರ್ಲಿಸ್ ಒಂದು ಸಲ ತಪ್ಪಿಸಿಯಾಗಿತ್ತು.

ಡುವೇನ್ ಗಾಡಿಗಳ ಗಿಯರ್ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಸಂಜೆ ಪಾಳಿಯಲ್ಲಿ ದುಡಿದವನು, ಶನಿವಾರವೂ ಸೇರಿ. ಹೊಸ ವರ್ಷಕ್ಕೆ ಅವನನ್ನು ಹಗಲಿನ ಪಾಳಿಗೆ ಹಾಕಿ ಶನಿವಾರ ರಜೆ ಕೊಟ್ಟಿದ್ದರು. ಸುದ್ದಿ ಕೇಳಿದ ದಿನವೇ ಮಾರ್ಲಿಸ್ ತರಗತಿಗೆ ಅರ್ಜಿ ತುಂಬಿದಳು. ಅದೇ ದಿನ ಡುವೇನ್ ರಿಮೋಟಿನಿಂದ ಹಾರಿಸುವ ಮಾದರಿ ವಿಮಾನದ ಬಿಡಿಭಾಗಗಳ ಪೆಟ್ಟಿಗೆ ಕೊಂಡು ತಂದ. ಒಂದು ಶನಿವಾರದ ಮೇಲೆ ಇಬ್ಬರ ಕಣ್ಣು.

"ವಾರದಲ್ಲಿ ಕೆಲಸ ಮುಗಿಯುತ್ತೆ," ಎಂದ ಡುವೇನ್. "ವಿಮಾನ ಹಾರಿಸೋರ ಕ್ಲಬ್ಬಿನ ರೇ ಕುಬಿಯಾಕ್ ಹಾರಿಸೋಕೆ ಕಲಿಸ್ತಾನಂತೆ. ಶನಿವಾರ ಬೆಳಿಗ್ಗೆ."

ಮಾರ್ಲಿಸ್‌ಳ ಚಾಕು ನಿಂತಿತು. "ಶನಿವಾರ ಬೆಳಿಗ್ಗೆ ನಂದು, ಡುವೇನ್."

"ಮಧ್ಯಾಹ್ನ ಗಾಳಿ ಏಳುತ್ತೆ ಮಾರ್ಲಿಸ್. ಕಲಿಯೋರು ಗಾಳೀಲಿ ಹಾರಿಸೋ ಹಾಗಿಲ್ಲ."

"ನಿಮ್ಮಪ್ಪನ್ನ ಯಾರು ನೋಡ್ಕೋತಾರೆ? ಗಾಳೀನಾ?"

"ನನ್ ಜೊತೆ ಕರ್ಕೊಂಡು ಹೋಗ್ತೀನಿ ಬಿಡು. ಗಾಲಿಕುರ್ಚಿ ಪಿಕಪ್ಪಲ್ಲಿ ಹಾಕ್ಕೊಂಡ್ರಾಯ್ತು. ನಾಲ್ಕು ಗೋಡೆ ನೋಡಿ ನೋಡಿ ಅವನಿಗೂ ಸಾಕಾಗಿದೆ. ಬರ್ತೀಯ ಅಲ್ವೇನಪ್ಪಾ?"

"ಹ್ಞೂಂ," ಎಂದ ಲೆಸ್ಟರ್, ಬಾಯಲ್ಲಿದ್ದದ್ದನ್ನು ಜಗಿಯುತ್ತ.

ಹಾಗೆ ಒಂದು ದಾರಿ ಆಯಿತು. ಶನಿವಾರ ಎಂಟಕ್ಕೆ ಅಪ್ಪ ಮಗ ಇಬ್ಬರೂ ಜೋಳದ ಹೊಲಗಳ ಆಚೆ ಕ್ಲಬ್ಬಿನ ಬಯಲಿಗೆ ಹೋದರು. ಮಾರ್ಲಿಸ್ ಊರಿನ ಇನ್ನೊಂದು ತುದಿಯ ತರಗತಿಗೆ ಹೋದಳು. ಮಾಂಸವನ್ನು ಎಷ್ಟು ಬಿಸಿಯಲ್ಲಿಡಬೇಕು, ಹಾಲು ಎಷ್ಟು ತಣ್ಣಗಿರಬೇಕು ಎಂದು ಬರೆದುಕೊಂಡಳು. ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ಕೂತುಕೊಂಡು ಕಲಿಯುವುದು ಎಷ್ಟು ಸುಖ ಅನ್ನಿಸಿತು ಅವಳಿಗೆ. ಮನೆಗೆ ಬಂದರೆ ಲೆಸ್ಟರ್‌ನ ಕಿವಿಗಳು ಚಳಿಗೆ ಕೆಂಪಾಗಿದ್ದವು. ಅವತ್ತು ಎರಡು ಸ್ಯಾಂಡ್‌ವಿಚ್ ತಿಂದು ಮೂರನೆಯದಕ್ಕೆ ಕೈಚಾಚಿದ.

ಊಟದ ಹೊತ್ತಿಗೆ ಡುವೇನ್ ಬಯಲಿನ ಪುರಾಣ ಬಿಚ್ಚುತ್ತಿದ್ದ. ರೇ ಕುಬಿಯಾಕ್ ಅಂದರೆ ಅಲ್ಲಿ ದೊಡ್ಡ ಗುರು. ಕಣ್ಣುಮುಚ್ಚಿ ಇಳಿಸಬಲ್ಲ. ಬಯಲಿಗೆ ಹೋದ ಕೂಡಲೇ ರಿಮೋಟ್ ಆನ್ ಮಾಡುವ ಹಾಗಿಲ್ಲ. ಬೇಲಿಯ ಪಕ್ಕ ಒಂದು ಹಲಗೆ. ಅದರಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಒಂದೊಂದಕ್ಕೆ ಒಂದೊಂದು ರೇಡಿಯೋ ತರಂಗದ ನಂಬರು. ನಿನ್ನ ನಂಬರಿನ ಕ್ಲಿಪ್ಪು ತೆಗೆದು ನಿನ್ನ ರಿಮೋಟಿಗೆ ಸಿಕ್ಕಿಸಿಕೊಂಡ ಮೇಲೆಯೇ ಆನ್ ಮಾಡಬೇಕು.

"ಯಾಕೆ?" ಎಂದಳು ಟೋನ್ಯಾ.

"ನಂದೂ ರೇದೂ ಒಂದೇ ನಂಬರು, ಮೂವತ್ತೆಂಟು. ಅವನ ವಿಮಾನ ಮೇಲಿರುವಾಗ ನಾನು ನಂದನ್ನ ಆನ್ ಮಾಡಿದ್ರೆ ಅದಕ್ಕೆ ಇಬ್ಬರ ಮಾತೂ ಕೇಳುತ್ತೆ. ಯಾರ ಮಾತೂ ತಿಳಿಯಲ್ಲ. ದಢಾರಂತ ಬೀಳುತ್ತೆ."

"ಒಂದೇ ಅಡುಗೆಮನೇಲಿ ಇಬ್ಬರು ಯಜಮಾನಿಯರಿದ್ದ ಹಾಗೆ," ಎಂದಳು ಮಾರ್ಲಿಸ್.

"ಅಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಹಾಗೆ ಬೀಳಿಸಿದವನು ಅಂಥದ್ದೇ ಇನ್ನೊಂದನ್ನ ಸ್ವಂತ ಕೈಯಲ್ಲಿ ಕಟ್ಟಿಕೊಡಬೇಕು. ಮರ್ಯಾದೆ ಹೋಗೋದು ಬೇರೆ."

ಐದನೆಯ ಶನಿವಾರ ಮಾರ್ಲಿಸ್ ಮನೆಗೆ ಬಂದಾಗ ಪಿಕಪ್ಪು ಅವಳಿಗಿಂತ ಮೊದಲೇ ಬಂದು ನಿಂತಿತ್ತು. ಡುವೇನ್ ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದ. ಪಕ್ಕದಲ್ಲಿ ಲೆಸ್ಟರ್ ಮುಖವನ್ನು ಕಿಟಕಿಗೆ ತಿರುಗಿಸಿದ್ದ.

"ಏನಾಯ್ತು?"

"ಅಪ್ಪ ರಿಮೋಟ್ ಆನ್ ಮಾಡಿಬಿಟ್ಟ. ರಿಮೋಟಿನ ಪೆಟ್ಟಿಗೇನ ಅವನ ತೊಡೆ ಮೇಲೆ ಇಟ್ಟಿದ್ದೆ. ರೇ ದೊಡ್ಡ ವಿಮಾನ ಹಾರಿಸ್ತಿದ್ದ, ಎರಡು ಚಳಿಗಾಲ ಕೂತು ಕಟ್ಟಿದ್ದು. ನೆಲಕ್ಕೆ ಬಿತ್ತು. ಚೂರು ಆರಿಸಿ ಚೀಲಕ್ಕೆ ತುಂಬಿದ್ವಿ."

"ಥೂ ದರಿದ್ರ!" ಎಂದ ಲೆಸ್ಟರ್, ಕಿಟಕಿಯ ಕಡೆಗೇ.

"ನೋಡು, ಅಲ್ಲಿಂದ ಇದನ್ನೇ ಹೇಳ್ತಿದಾನೆ."

"ಹೋಗಲಿ ಬಿಡಪ್ಪಾ," ಎಂದಳು ಮಾರ್ಲಿಸ್. ಮದುವೆಯಾದಾಗಿನಿಂದ ಅವಳೂ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದಳು. "ಗೊತ್ತಿಲ್ದೆ ಆಯ್ತು."

ಒಳಗೆ ಸೂಪು ಬಿಸಿ ಮಾಡುವಾಗ ಡುವೇನ್ ಉಳಿದದ್ದನ್ನು ಹೇಳಿದ. ಕ್ಲಬ್ಬಿನವರು ಅಲ್ಲೇ ಸೇರಿ ತೀರ್ಮಾನ ಮಾಡಿದ್ದರು. ಡುವೇನ್ ಬರಬಹುದು. ರೇಗೆ ವಿಮಾನ ಕಟ್ಟಿಕೊಡುವ ಹೊಣೆ ಅವನದು. ಮುದುಕನನ್ನು ಮಾತ್ರ ಇನ್ನು ಕರೆತರಬಾರದು.

"ಅಂದ್ರೆ ಬರೋ ಶನಿವಾರ?"

"ನಾನು ಹೋಗಲೇಬೇಕು ಮಾರ್ಲಿಸ್. ಹಳೇದರ ಅಳತೆ ತಗೊಂಡು ಹೊಸದು ಶುರು ಮಾಡ್ಬೇಕು. ಹೋಗದೇ ಇದ್ರೆ ಹೆದರಿ ಓಡಿದ ಅಂತಾರೆ."

"ನನಗೆ ಇನ್ನು ಮೂರೇ ತರಗತಿ ಉಳಿದಿರೋದು. ಆಗಲೇ ಒಂದು ತಪ್ಪಿಸಿದೀನಿ."

"ನಿಮ್ಮ ಟೀಚರಮ್ಮನ ಹತ್ರ ಮಾತಾಡು. ಅವಳಿಗೂ ಮನೇಲಿ ಮುದುಕರಿರ್ತಾರೆ."

ಆ ಸಂಜೆ ಲೆಸ್ಟರ್ ಊಟ ಮುಟ್ಟಲಿಲ್ಲ. ಮರುದಿನವೂ ಅಷ್ಟೆ. ಚಮಚ ಬಾಯಿಯ ಹತ್ತಿರ ಬಂದರೆ 'ಬೇಡ'. ಡುವೇನ್ ಕೋಣೆಯೊಳಗೆ ಬಂದರೆ 'ಥೂ ದರಿದ್ರ'. ನಾಚಿಕೆಯಾಗಿದೆ ಅವನಿಗೆ ಎಂದುಕೊಂಡಳು ಮಾರ್ಲಿಸ್. ಮಗುವಿಗೆ ಹೇಳುವಂತೆ ಸಮಾಧಾನ ಹೇಳಿದಳು. ಅವನು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು ಬಾಯಿ ತೆರೆದ, ಮುಚ್ಚಿದ, ಕೊನೆಗೆ ಅದೇ ಎರಡು ಮಾತು. ಅವಳು ಗಡಿಯಾರ ನೋಡಿ ಕೈ ಬಿಡಿಸಿಕೊಂಡು ಕೆಲಸಕ್ಕೆ ಹೋದಳು.

ಬುಧವಾರ ಸಂಜೆ ರೇ ಕುಬಿಯಾಕ್ ನಕ್ಷೆಯ ಸುರುಳಿ ಹಿಡಿದು ಮನೆಗೇ ಬಂದ. ಎಪ್ಪತ್ತರ ಹತ್ತಿರದ ದಪ್ಪ ಮನುಷ್ಯ. ಬಾಗಿಲಲ್ಲೇ ಬೂಟು ಬಿಚ್ಚಿಟ್ಟ. ಡುವೇನ್ ಇನ್ನೂ ಕಾರ್ಖಾನೆಯಿಂದ ಬಂದಿರಲಿಲ್ಲ. ರೇ ನೇರವಾಗಿ ಗಾಲಿಕುರ್ಚಿಯ ಮುಂದೆ ಹೋಗಿ ಮಂಡಿಯೂರಿದ.

"ಲೆಸ್ಟರ್, ನನಗೇನೂ ಬೇಜಾರಿಲ್ಲ ಕಣಯ್ಯಾ. ವಿಮಾನ ಇರೋದೇ ಬೀಳೋಕೆ."

ಲೆಸ್ಟರ್‌ನ ಎಡಗೈ ಪಕ್ಕದ ಮೇಜಿಗೆ ಚಾಚಿತು. "ಬೇಡ! ಬೇಡ! ಥೂ ದರಿದ್ರ!" ಎನ್ನುತ್ತ ಕೈಗೆ ಸಿಕ್ಕ ಕಾಫಿ ಲೋಟ ಎಸೆದ. ಕಾಫಿ ರೇಯ ಅಂಗಿಯ ಮೇಲೆ ಬಿತ್ತು.

"ಅಯ್ಯೋ, ಕ್ಷಮಿಸಿ ರೇ. ನಾಲ್ಕು ದಿನದಿಂದ ಹೀಗೇ ಮಾಡ್ತಿದಾನೆ."

"ಇರಲಿ ಬಿಡಮ್ಮ. ತಪ್ಪು ನಮ್ಮದೂ ಇದೆ, ಮುಟ್ಟೋ ಜಾಗದಲ್ಲಿ ಇಡಬಾರದಿತ್ತು." ರೇ ಬಟ್ಟೆ ತೆಗೆದುಕೊಂಡು ಒರೆಸಿಕೊಂಡ. "ಡುವೇನ್ ಪಾಪ, ಪೆಟ್ಟಿಗೆ ಮುಚ್ಚಿ ಚಿಲಕ ಹಾಕಿಯೇ ಕೊಟ್ಟಿದ್ನಂತೆ. ಇಷ್ಟು ಮುದುಕ ತೆಗೀತಾನೆ ಅಂತ ಯಾರು ಅಂದ್ಕೋತಾರೆ?"

ರೇ ಹೋದ ಮೇಲೆ ಮಾರ್ಲಿಸ್ ಊಟದ ಮೇಜಿನ ಹತ್ತಿರ ಹೋದಳು. ರಿಮೋಟ್ ಇಡುವ ಆ ತಗಡಿನ ಪೆಟ್ಟಿಗೆ ಅಲ್ಲೇ ಇತ್ತು. ಎರಡು ತುದಿಗೆ ಎರಡು ಚಿಲಕ; ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮುಚ್ಚಳ ಏಳುತ್ತಿತ್ತು. ಅವಳು ಒಂದೇ ಕೈಯಲ್ಲಿ ಪ್ರಯತ್ನಿಸಿದಳು. ಒಂದನ್ನು ಒತ್ತಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಟಕ್ಕೆಂದು ಕೂತುಬಿಡುತ್ತಿತ್ತು. ಈ ಎರಡು ವರ್ಷದಲ್ಲಿ ಲೆಸ್ಟರ್‌ಗೆ ಮಾತ್ರೆ ಶೀಶೆ, ಮೊಸರಿನ ಡಬ್ಬಿ, ಪ್ಯಾಂಟಿನ ಜಿಪ್ಪು ಎಲ್ಲವನ್ನೂ ತೆರೆದುಕೊಟ್ಟವಳು ಅವಳು. ಅವನು ಏನನ್ನು ತೆರೆಯಬಲ್ಲ, ಏನನ್ನು ತೆರೆಯಲಾರ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಡುವೇನ್ ಬಂದು ಕೈತೊಳೆಯುತ್ತಿದ್ದಾಗ ಕೇಳಿದಳು. "ಅಪ್ಪ ಆ ಪೆಟ್ಟಿಗೆ ಹೇಗೆ ತೆಗೆದ?"

"ಹೇಗೆ ಅಂದ್ರೆ? ತೆಗೆದ."

"ಯಾವ ಕೈಯಲ್ಲಿ?"

ಡುವೇನ್ ನಲ್ಲಿ ನಿಲ್ಲಿಸಲಿಲ್ಲ. ನೀರು ಹರಿಯುತ್ತಲೇ ಇತ್ತು.

"ನಾಲ್ಕು ಸೆಕೆಂಡು ಮಾರ್ಲಿಸ್," ಎಂದ ಕೊನೆಗೆ. "ಬಾಲದ ರೆಕ್ಕೆ ಅಲ್ಲಾಡುತ್ತಾ ಇಲ್ವಾ ಅಂತ ಪಿಕಪ್ಪಿನ ಹಿಂದೆ ನಿಂತು ರಿಮೋಟ್ ಆನ್ ಮಾಡಿ ನೋಡಿದೆ. ಕ್ಲಿಪ್ಪು ರೇ ಹತ್ರ ಇತ್ತು, ಮರೆತೇಬಿಟ್ಟೆ. ಸದ್ದು ಕೇಳಿದ ಮೇಲೇ ನನಗೆ ಹೊಳೆದಿದ್ದು."

"ನಿಮ್ಮಪ್ಪನ ಮೇಲೆ ಹಾಕಿಬಿಟ್ಟೆ."

"ಎಲ್ರೂ ಓಡಿ ಬಂದ್ರು. 'ಯಾರು? ಯಾರು?' ಅಂದ್ರು. ಬಾಯಿಗೆ ಬಂದ್ಬಿಡ್ತು. ಆಮೇಲೆ ವಾಪಸ್ ತಗೊಳ್ಳೋದು ಹೇಗೆ? ಇಪ್ಪತ್ತಾರು ವರ್ಷ ಆ ಕಾರ್ಖಾನೇಲಿ ನನ್ನ ಹೆಸರು ಹಿಡಿದು ಕರೆದವರಿಲ್ಲ. ಅಲ್ಲಿ ರೇ 'ಬಾ ಡುವೇನ್' ಅಂತಾನೆ, ಕುರ್ಚಿ ಹಾಕ್ತಾನೆ. ಅಪ್ಪನಿಗೇನು ನಷ್ಟ? ಯಾರೂ ಅವನನ್ನ ಬೈದಿಲ್ಲ."

"ನಾಲ್ಕು ದಿನದಿಂದ ಉಪವಾಸ ಕೂತಿದಾನೆ."

ಬಾಗಿಲಲ್ಲಿ ಟೋನ್ಯಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ಛೀ! ಮಾತು ಬರದೇ ಇರೋನ್ನ ಹುಡುಕಿ ಅವನ ಮೇಲೆ ಹಾಕಿದ್ಯಾ ಅಪ್ಪಾ? ನಾಯಿ ಇದ್ದಿದ್ರೆ ನಾಯಿ ಮೇಲೆ ಹಾಕ್ತಿದ್ಯೇನೋ."

"ನೀನು ಒಳಗೆ ಹೋಗು."

"ಹೋಗ್ತೀನಿ. ತಾತನಿಗೆ ಹೇಳ್ತೀನಿ, ನಮಗೆ ಗೊತ್ತಾಯ್ತು ಅಂತ."

ಮಾರ್ಲಿಸ್ ಕುರ್ಚಿ ಎಳೆದುಕೊಂಡು ಕೂತಳು. ಜಗಳಕ್ಕೂ ತ್ರಾಣ ಬೇಕು, ಅವಳಲ್ಲಿ ಇರಲಿಲ್ಲ. "ಕೇಳು ಡುವೇನ್. ಶನಿವಾರ ಎಂಟೂಕಾಲಿಗೆ ನಾನು ಹೊರಡ್ತೀನಿ. ಅಪ್ಪ ನಿನ್ ಜೊತೆ ಇರ್ತಾನೆ. ನಿಜ ಹೇಳಿ ಕರ್ಕೊಂಡು ಹೋಗು, ಇಲ್ಲಾ ಮನೇಲಿ ಕೂತ್ಕೋ. ಎರಡರಲ್ಲಿ ಒಂದು."

ಡುವೇನ್ ನಲ್ಲಿ ನಿಲ್ಲಿಸಿದ.

ಆ ಸಂಜೆ ಲೆಸ್ಟರ್ ಮೊಮ್ಮಗಳ ಕೈಯಿಂದ ಒಂದು ಬಟ್ಟಲು ಸೂಪು ಕುಡಿದ.

ಶನಿವಾರ ಏಳಕ್ಕೆ ಮಾರ್ಲಿಸ್ ಅಡುಗೆಮನೆಗೆ ಬಂದಾಗ ಮೇಜಿನ ಮೇಲೆ ವಿಮಾನವಿರಲಿಲ್ಲ. ತಗಡಿನ ಪೆಟ್ಟಿಗೆಯೂ ಇರಲಿಲ್ಲ. ಹೊರಗೆ ಪಿಕಪ್ಪು ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

"ಓಡಿಹೋದ್ನಾ?" ಎಂದಳು ಟೋನ್ಯಾ, ಅಂಗಡಿಯ ನೀಲಿ ಅಂಗಿ ತೊಡುತ್ತ. "ನಾನು ರಜೆ ಹಾಕ್ಲಾ ಅಮ್ಮ?"

"ಬೇಡ. ಮೂರನೇ ಸಲ ರಜೆ ಅಂದ್ರೆ ನಿನ್ನನ್ನೂ ತೆಗೀತಾರೆ. ತಾತನ್ನ ಕಾರಿಗೆ ಹತ್ತಿಸೋಕೆ ಒಂದು ಕೈ ಹಿಡಿ, ಸಾಕು."

ಬಯಲು ಒಂದು ದಿಕ್ಕು, ತರಗತಿ ಇನ್ನೊಂದು ದಿಕ್ಕು. ಬಯಲು ಮುಟ್ಟಿದಾಗ ಎಂಟೂವರೆ. ಇಬ್ಬನಿಯ ಹುಲ್ಲಿನಲ್ಲಿ ಗಾಲಿಕುರ್ಚಿ ಹೂತುಹೋಗುತ್ತಿತ್ತು. ಅವಳು ಹಿಂದಕ್ಕೆ ತಿರುಗಿ ಕುರ್ಚಿಯನ್ನು ಎಳೆದುಕೊಂಡು ನಡೆದಳು. ಬೇಲಿಯ ಬಾಗಿಲಲ್ಲಿ ಟೋಪಿಯವನೊಬ್ಬ ಅಡ್ಡ ಬಂದ.

"ನೋಡಮ್ಮ, ಇವರು ಒಳಗೆ ಬರೋ ಹಾಗಿಲ್ಲ. ಹೋದ ವಾರ ಏನಾಯ್ತು ಅಂದ್ರೆ..."

"ಗೊತ್ತು. ರೇ ಎಲ್ಲಿ?"

ರೇ ಬಂದ. ಅವನ ಹಿಂದೆ ಮೂರು ನಾಲ್ಕು ಜನ. ಡುವೇನ್ ದೂರದಲ್ಲಿ ತನ್ನ ವಿಮಾನಕ್ಕೆ ಇಂಧನ ತುಂಬುತ್ತಿದ್ದವನು ಅಲ್ಲೇ ನಿಂತುಬಿಟ್ಟ. ಮಾರ್ಲಿಸ್ ನೇರವಾಗಿ ಹೋಗಿ ಅವನ ಕಾಲ ಬಳಿಯಿದ್ದ ಪೆಟ್ಟಿಗೆ ತೆಗೆದುಕೊಂಡು ಬಂದಳು.

"ಬಲಗೈ ಜೇಬಲ್ಲಿಡಿ ರೇ."

"ಏನಮ್ಮ?"

"ಬಲಗೈ ಜೇಬಲ್ಲಿಟ್ಟು ಇದನ್ನ ತೆಗೀರಿ. ನನಗೆ ಹೊತ್ತಾಗ್ತಿದೆ."

ರೇ ಅವಳ ಮುಖ ನೋಡಿದ, ಆಮೇಲೆ ಕೈಯನ್ನು ಜೇಬಿಗಿಳಿಸಿದ. ಎಡಗೈಯಿಂದ ಒಂದು ಚಿಲಕ ಒತ್ತಿದ. ಇನ್ನೊಂದಕ್ಕೆ ಹೋದ. ಟಕ್. ಮತ್ತೆ ಒತ್ತಿದ. ಟಕ್. ಪೆಟ್ಟಿಗೆಯನ್ನು ಹೊಟ್ಟೆಗೆ ಅವುಚಿಕೊಂಡು ನೋಡಿದ; ಜಾರಿ ಹುಲ್ಲಿಗೆ ಬಿತ್ತು. ಐವತ್ತು ವರ್ಷ ಯಂತ್ರಗಳ ಜೊತೆ ಬದುಕಿದ ಕೈ ಅದು. ರೇ ಮೊದಲು ಲೆಸ್ಟರ್‌ನ ಮಡಿಲಲ್ಲಿ ಸತ್ತು ಬಿದ್ದಿದ್ದ ಬಲಗೈಯನ್ನು ನೋಡಿದ, ಆಮೇಲೆ ದೂರದಲ್ಲಿದ್ದ ಡುವೇನ್‌ನನ್ನು. ಡುವೇನ್ ತಲೆ ಬಗ್ಗಿಸಿ ಇಂಧನದ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ. ಅದು ಆಗಲೇ ಬಿಗಿಯಾಗಿತ್ತು.

"ಹತ್ತು ಗಂಟೆಗೆ ಬಿಳಿ ಮಾತ್ರೆ," ಎಂದು ಮಾರ್ಲಿಸ್ ಗಂಡನಿಗೆ ಕೇಳುವಷ್ಟು ಜೋರಾಗಿ ಹೇಳಿದಳು. "ಒಣ ಪ್ಯಾಂಟು ಚೀಲದಲ್ಲಿದೆ." ಚೀಲವನ್ನು ಕುರ್ಚಿಯ ಹಿಡಿಕೆಗೆ ನೇತುಹಾಕಿ ಕಾರಿನ ಕಡೆ ನಡೆದಳು. ಓಡಲು ಮಂಡಿ ಬಿಡಲಿಲ್ಲ.

ತರಗತಿಗೆ ಹದಿಮೂರು ನಿಮಿಷ ತಡವಾಯಿತು. ಟೀಚರು ಅವಳ ಬೂಟಿಗೆ ಅಂಟಿದ್ದ ಕೆಸರು ನೋಡಿ, ಗಡಿಯಾರ ನೋಡಿ, "ಹದಿನೈದಾಗಿದ್ರೆ ಬಾಗಿಲು ಹಾಕ್ತಿದ್ದೆ," ಎಂದಳು. "ಇನ್ನೊಂದು ಸಲ ತಡವಾದ್ರೆ ಗೈರುಹಾಜರಿ ಅಂತಲೇ ಬರ್ಕೋತೀನಿ. ಕೂತ್ಕೊಳ್ಳಿ."

ಆ ಮಧ್ಯಾಹ್ನ ಡುವೇನ್ ಅಪ್ಪನನ್ನು ಒಳಗೆ ತಳ್ಳಿಕೊಂಡು ಬಂದವನೇ ಹೇಳಿದ: "ಸೆಪ್ಟೆಂಬರ್ ಮುಗಿಯೋವರೆಗೂ ನಾನು ಬೇಲಿ ದಾಟೋ ಹಾಗಿಲ್ಲ. ಅಷ್ಟರಲ್ಲಿ ರೇ ವಿಮಾನ ಕಟ್ಟಿಕೊಡ್ಬೇಕು."

"ಅಪ್ಪ?"

"ಅವನು ಬರ್ಬೋದು. ಬರಲೇಬೇಕಂತೆ. ರೇ ತನ್ನ ಪಕ್ಕದಲ್ಲೇ ಜಾಗ ಮಾಡ್ತಾನಂತೆ."

"ತಾತ ಮೆಂಬರು, ನೀನು ಡ್ರೈವರು," ಎಂದಳು ಟೋನ್ಯಾ.

"ಹ್ಞೂಂ," ಎಂದ ಲೆಸ್ಟರ್. ಎರಡು ವರ್ಷದಲ್ಲಿ ಅವನು ನಕ್ಕದ್ದನ್ನು ಅವರು ನೋಡಿದ್ದು ಅವತ್ತೇ. ಅರ್ಧ ಮುಖದ ನಗು.

ಡುವೇನ್ ಕೂಗಾಡಲಿಲ್ಲ. ಮುಂದಿನ ಹದಿನೈದು ದಿನ ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡಿದ. "ಉಪ್ಪು ಕೊಡು." "ಗಾಡಿಗೆ ಎಣ್ಣೆ ಹಾಕ್ಸಿದೀನಿ." ಸಂಜೆ ಮೇಜಿನ ಮೇಲೆ ರೇಯ ನಕ್ಷೆ ಬಿಡಿಸಿಕೊಂಡು ಕೂರುತ್ತಿದ್ದ. ಮರದ ಪುಡಿ ಅನ್ನಕ್ಕೂ ಹಾರಿತು, ಹಾಲಿಗೂ ಹಾರಿತು. ಮಾರ್ಲಿಸ್ ಪಕ್ಕದ ಕುರ್ಚಿಯಲ್ಲಿ ಕೂತು ತೊಡೆಯ ಮೇಲಿಟ್ಟ ಪುಸ್ತಕದಲ್ಲಿ ಇಲಿ ಕಾಟ, ಕೈಗವಸು, ಸುಟ್ಟ ಗಾಯಗಳ ಪಾಠ ಓದುತ್ತಿದ್ದಳು. ಯಾರೂ ಯಾರನ್ನೂ ಕ್ಷಮಿಸಿದ ಮಾತು ಬರಲಿಲ್ಲ. ಶನಿವಾರ ಎಂಟಕ್ಕೆ ಮಾತ್ರ ಪಿಕಪ್ಪು ತಪ್ಪದೆ ಹೊರಡುತ್ತಿತ್ತು, ಪಕ್ಕದ ಸೀಟಿನಲ್ಲಿ ಲೆಸ್ಟರ್.

ಎಂಟನೆಯ ಶನಿವಾರ ಪರೀಕ್ಷೆ. ಅಲ್ಲೇ ತಿದ್ದಿ ಅಲ್ಲೇ ಹೇಳಿದರು. ಮಾರ್ಲಿಸ್ ಮನೆಗೆ ಹೋಗದೆ ನೇರವಾಗಿ ಬಯಲಿಗೆ ಬಂದಳು. ಬೇಲಿಯ ಒಳಗೆ ಗಂಡಸರ ಸಾಲಿನ ನಡುವೆ ಗಾಲಿಕುರ್ಚಿ ಇತ್ತು. ಲೆಸ್ಟರ್‌ನ ತಲೆಯ ಮೇಲೆ ಯಾರದೋ ಟೋಪಿ. ಬೇಲಿಯ ಹೊರಗೆ ಪಿಕಪ್ಪಿನಲ್ಲಿ ಡುವೇನ್ ಕಿಟಕಿ ಇಳಿಸಿಕೊಂಡು ಒಬ್ಬನೇ ಕೂತಿದ್ದ. ಅವಳು ಆಚೆ ಬಾಗಿಲು ತೆಗೆದು ಹತ್ತಿ ಕೂತಳು, ಕಾಲು ಚಾಚಿದಳು.

"ಕರ್ಕೊಂಡು ಹೋಗೋಣ್ವಾ?"

"ಕೇಳಿದೆ, ಬೇಡ ಅಂತಿದಾನೆ. ರೇ ಇನ್ನೊಂದು ಹಾರಿಸ್ತಾನಂತೆ."

ಮೇಲೆ ಕೆಂಪು ವಿಮಾನವೊಂದು ಗುಂಯ್‌ಗುಡುತ್ತ ಸುತ್ತು ಹೊಡೆಯುತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನು ನೋಡಿದರು.

"ಏನಾಯ್ತು?" ಎಂದ ಡುವೇನ್.

"ಪಾಸು. ತೊಂಬತ್ತೊಂದು."

"ಒಳ್ಳೇದಾಯ್ತು." ಅವನು ಗಡ್ಡ ಕೆರೆದುಕೊಂಡ. "ಹಾಗಾದ್ರೆ ಶಾಲೆ ಶುರುವಾಗೋ ಆಗಸ್ಟಿಂದ ನೀನೇ ಅಡುಗೆಮನೆ ಬಾಗಿಲು ತೆಗೀಬೇಕು. ಎಷ್ಟು ಗಂಟೆಗೆ?"

"ಐದೂವರೆಗೆ."

"ಐದೂವರೆಗಾ? ನಾನು ಹೊರಡೋದು ಎಂಟಕ್ಕೆ." ಡುವೇನ್ ಲೆಕ್ಕ ಹಾಕಿದ. "ಮತ್ತೆ ಬೆಳಿಗ್ಗೆ ಅಪ್ಪನ್ನ ಏಳಿಸೋದು, ತೊಳೆಯೋದು, ತಿನ್ನಿಸೋದು ಎಲ್ಲಾ ಯಾರು ಮಾಡ್ತಾರೆ?"

ಮಾರ್ಲಿಸ್ ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದ್ದಳು. ಡುವೇನ್ ಕಾದ. ಅವಳ ಉಸಿರು ನಿಧಾನವಾಯಿತು, ಬಾಯಿ ಸ್ವಲ್ಪ ತೆರೆದುಕೊಂಡಿತು.

"ನಾನಾ?" ಎಂದ.

ವಿಮಾನ ಇಳಿದು ಸದ್ದು ನಿಂತಿತು. ಅವಳಿಗೆ ಎಚ್ಚರವಾಗಲಿಲ್ಲ.

"ಸರಿ, ನಾನೇ," ಎಂದು ಡುವೇನ್ ಎದುರಿನ ಗಾಜಿಗೆ ಹೇಳಿ, ಬಾಗಿಲು ಸದ್ದಾಗದಂತೆ ತೆಗೆದು, ಅಪ್ಪನನ್ನು ಕರೆಯಲು ಬೇಲಿಯವರೆಗೆ ಹೋಗಿ ನಿಂತ.